ಕಾಯಕದಲ್ಲಿ ನುಡಿಯ ಸ್ಥಾನ

ಮನುಷ್ಯನು ತಾನೊಬ್ಬನೇ ಮಾಡಿ ಮುಗಿಸಬಹುದಾದ ಕೆಲಸಗಳು ಬಹು ಸ್ವಲ್ಪ. ಹೊಲವನ್ನು ಹದಗೊಳಿಸುವದಕ್ಕೂ, ಗುಡಿಯ ಕಲ್ಲನ್ನೆತ್ತುವದಕ್ಕೂ, ಸೀರೆಯನ್ನು ನೇಯುವದಕ್ಕೂ, ಗ್ರಂಥವನ್ನು ಅಚ್ಚುಹಾಕುವದಕ್ಕೂ, ಸಾವಿರ ಜನರಿಗೆ ದಾಸೋಹವನ್ನು ನಡೆಯಿಸುವದಕ್ಕೂ ಹಲವು ಕೈಗಳು ಕೂಡಬೇಕು. ಕೈಗಳು ಕೂಡಬೇಕಾದರೆ ಮನಸ್ಸುಗಳು ಕೂಡಬೇಕು. ಮನಸ್ಸುಗಳನ್ನು ಕೂಡಿಸುವ ಸಾಧನವು ನುಡಿ. ಹಗ್ಗವು ಹರಿದರೆ ಕೊಡವು ಬಾವಿಯಲ್ಲಿಯೇ ಉಳಿಯುವಂತೆ, ನುಡಿಯು ಕೆಟ್ಟರೆ ಎಷ್ಟೇ ಶಕ್ತಿಯುಳ್ಳ ಕೈಗಳಿದ್ದರೂ ಕೆಲಸವು ಮೇಲಕ್ಕೆ ಬರಲಾರದು.

ಕಾಯಕದ ಮಹಿಮೆಯನ್ನು ಕುರಿತು ಕನ್ನಡದಲ್ಲಿ ಬೇಕಾದಷ್ಟು ಗ್ರಂಥಗಳು ಹುಟ್ಟಿವೆ. ನುಡಿಯ ಶುದ್ಧಿಯನ್ನು ಕುರಿತು ಶರಣರು ಹೇಳಿರುವದೂ ಸರ್ವರಿಗೂ ವಿದಿತವಾದುದೇ. ಆದರೆ ಇವೆರಡೂ ಕೂಡುವ ಸ್ಥಳವನ್ನು, ಎಂದರೆ ಕೆಲಸದ ಮನೆಯಲ್ಲಿ ಒಡೆಯನು ಆಳಿನೊಡನೆ, ಗುರುವು ಶಿಷ್ಯನೊಡನೆ, ಸಮಾನನು ಸಮಾನನೊಡನೆ ಆಡತಕ್ಕ ಮಾತನ್ನು, ಇತಿಹಾಸದ ದೃಷ್ಟಿಯಿಂದ ಪರ್ಯಾಲೋಚಿಸುವ ಪ್ರಯತ್ನವು ವಿರಳವಾಗಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಈ ಸೀಮೆಯು ಅಂಥ ವಿಚಾರಕ್ಕೆ ಯೋಗ್ಯವಾದ ನೆಲವು. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ತೀರದಲ್ಲಿ ಕಲ್ಲುಕುಟಿಗರು, ವರ್ತಕರು, ಶರಣರು, ನೇಕಾರರು ಒಂದೂವರೆ ಸಾವಿರ ವರುಷಗಳಿಂದ ಕೂಡಿ ದುಡಿದ ಗುರುತುಗಳು ಇಲ್ಲಿ ಅಳಿಯದೆ ಉಳಿದಿವೆ. ಆ ಗುರುತುಗಳನ್ನು ಸಾವಧಾನದಿಂದ ನೋಡಿದವರಿಗೆ ಒಂದು ಸಂಗತಿಯು ತೋರಿಬರುತ್ತದೆ. ಎಲ್ಲಿ ಹೇಳುವವನು ಸ್ಪಷ್ಟವಾಗಿ ಹೇಳಿದನೋ, ಎಲ್ಲಿ ಮಾಡುವವನಿಗೆ ಮರುನುಡಿಯಲು ಎಡೆಯಿತ್ತೋ, ಎಲ್ಲಿ ಒಪ್ಪಿದ ಮಾತು ಎಲ್ಲರ ಮುಂದೆ ಸ್ಥಿರಪಟ್ಟಿತೋ, ಅಲ್ಲಿಯ ಕೆಲಸವು ಬಾಳಿತು. ಈ ಮೂರರಲ್ಲಿ ಒಂದು ತಪ್ಪಿದಲ್ಲಿ ಕೆಲಸವೂ ಕೆಟ್ಟಿತು, ಮನುಷ್ಯರೂ ನೊಂದರು.

೧. ಸೂತ್ರಧಾರಿಯ ಮಾತು

ಬಾದಾಮಿಯು ಚಾಲುಕ್ಯರ ರಾಜಧಾನಿಯಾದುದು ಕ್ರಿ.ಶ. ೬ನೆಯ ಶತಮಾನದಲ್ಲಿ. ಮೊದಲನೆಯ ಪುಲಿಕೇಶಿಯು ಅಲ್ಲಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಕ್ರಿ.ಶ. ೫೪೩ರ ಶಾಸನವು ತಿಳಿಸುತ್ತದೆ. ಮಂಗಲೇಶನು ಕ್ರಿ.ಶ. ೫೭೮ರಲ್ಲಿ ವಿಷ್ಣುವಿನ ದೊಡ್ಡ ಗುಹಾಲಯವನ್ನು ಪೂರ್ತಿಗೊಳಿಸಿದ ಸಂಗತಿಯು ಆ ಗುಹೆಯ ಕಂಬದ ಮೇಲೆಯೇ ಇದೆ. ಗುಹೆಯನ್ನು ಕೊರೆಯುವ ಕೆಲಸವು ಗೋಡೆಯನ್ನು ಕಟ್ಟುವ ಕೆಲಸದಂತಲ್ಲ. ಗೋಡೆಯಲ್ಲಿ ಒಂದು ಕಲ್ಲು ತಪ್ಪಿದರೆ ಅದನ್ನು ತೆಗೆದು ಇನ್ನೊಂದನ್ನಿಡಬಹುದು. ಬಂಡೆಯಲ್ಲಿ ಕಂಬವೆಂದು ಬಿಡಬೇಕಾದ ಭಾಗವನ್ನು ಒಬ್ಬನು ತಪ್ಪು ತಿಳಿದು ಕಡಿದನಾದರೆ ಅದನ್ನು ಮತ್ತೆ ಕೂಡಿಸುವದು ಅಶಕ್ಯ. ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಕಡಿಯುತ್ತ ಹೋಗುವ ನೂರಾರು ಉಳಿಗಳಿಗೆ ಒಂದೇ ಚಿತ್ರವು ತಿಳಿದಿರಬೇಕು. ಆ ಚಿತ್ರವು ಒಬ್ಬನ ಮನಸ್ಸಿನಿಂದ ಉಳಿದವರ ಮನಸ್ಸಿಗೆ ಸಾಗುವ ದಾರಿಯು ಅಳತೆಯ ದಾರವೂ ಬಾಯಿಮಾತೂ ಅಲ್ಲದೆ ಮತ್ತೇನು?

ಈ ಸಂಗತಿಯು ಪಟ್ಟದಕಲ್ಲಿನಲ್ಲಿ ಇನ್ನೂ ಸ್ಫುಟವಾಗುತ್ತದೆ. ಎರಡನೆಯ ವಿಕ್ರಮಾದಿತ್ಯನು (ಕ್ರಿ.ಶ. ೭೩೩–೭೪೪) ಕಂಚಿಯನ್ನು ಮೂರು ಸಾರೆ ಗೆದ್ದುದರ ನೆನಪಿಗಾಗಿ ಅವನ ಪಟ್ಟದರಸಿ ಲೋಕಮಹಾದೇವಿಯು ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು, ಈಗ ಅದನ್ನು ವಿರೂಪಾಕ್ಷನ ಗುಡಿಯೆನ್ನುವರು. ಅವಳ ತಂಗಿ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದ ಗುಡಿಯು ಅದರ ಮಗ್ಗುಲಲ್ಲಿಯೇ ಇದೆ. ೧೯೮೭ರಲ್ಲಿ ಪಟ್ಟದಕಲ್ಲಿನ ದೇವಾಲಯ ಸಮೂಹವು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಅರಸರ ಬಿರುದುಗಳನ್ನು ಸಾರುವ ಶಾಸನಗಳು ಎಲ್ಲೆಡೆಗೂ ದೊರೆಯುವವು. ಆದರೆ ವಿರೂಪಾಕ್ಷನ ಗುಡಿಯಲ್ಲಿ ಕೆಲಸಗಾರರ ಗೌರವವನ್ನು ಸಾರುವ ಶಾಸನಗಳಿರುವದು ವಿಶೇಷ. ಅನಿವಾರಿತಾಚಾರಿಯೆಂಬ ಗುಂಡನಿಗೆ ತ್ರಿಭುವನಾಚಾರಿಯೆಂಬ ಪದವಿಯು ದೊರೆತುದನ್ನು ಅಲ್ಲಿಯ ಶಾಸನವು ಹೇಳುತ್ತದೆ. ಇನ್ನೊಂದು ಶಾಸನದಲ್ಲಿ ತೆಂಕಣ ದಿಕ್ಕಿನ ಸೂತ್ರಧಾರಿಯಾದ ಸರ್ವಸಿದ್ಧಿ ಆಚಾರಿಯ ಪ್ರಶಂಸೆಯಿದೆ. ಪುರಗಳನ್ನೂ ಮನೆಗಳನ್ನೂ ನಿರ್ಮಿಸುವದರಲ್ಲಿ ಅವನನ್ನು ಬ್ರಹ್ಮನಿಗೆ ಹೋಲಿಸಿದ ಆ ಶಾಸನವು, ಮನೆ, ಪ್ರಾಸಾದ, ವಾಹನ, ಆಸನ, ಶಯನಗಳನ್ನು ಮಾಡುವ ಅವನ ಕುಶಲತೆಯನ್ನು ಹೊಗಳುವಾಗ ಅವನ ಮಾತನ್ನೂ ಬಿಡದೆ ಹೊಗಳಿದೆ. ಅವನ ಸಂಭಾಷಣೆಯು ಪರಿಪೂರ್ಣವೂ ಸೂಕ್ಷ್ಮವೂ ಆದುದೆಂದು ಆ ವಿಶೇಷಣಕ್ಕೆ ಫ್ಲೀಟ್ ಪಂಡಿತರು ಅರ್ಥ ಮಾಡಿರುವರು.

ವಾಚಕರು ಇದನ್ನು ಸ್ವಲ್ಪ ನಿಂತು ಆಲೋಚಿಸತಕ್ಕದ್ದು. ಕವಿಯನ್ನು ಮಾತಿಗಾಗಿ ಹೊಗಳುವದು ಸಹಜ. ಮಂತ್ರಿಯನ್ನು ಹೊಗಳುವದೂ ಸಹಜ. ಕಲ್ಲಿನೊಡನೆ ಬಾಳುವವನ ಮಾತನ್ನು ಹೊಗಳುವದೇಕೆ? ಅವನು ಸೂತ್ರಧಾರಿ; ಅಳತೆಯ ದಾರವನ್ನು ಹಿಡಿದವನು. ಕಲ್ಲನ್ನು ಗಣಿಯಿಂದ ಬಿಡಿಸುವವರು ಬೇರೆ, ಸಾಗಿಸುವವರು ಬೇರೆ, ಕಂಬವನ್ನು ಕಡೆಯುವವರು ಬೇರೆ, ವಿಗ್ರಹವನ್ನು ಮೂಡಿಸುವವರು ಬೇರೆ. ಇವರೆಲ್ಲರ ಕೆಲಸವನ್ನು ಒಂದು ಗುಡಿಯಾಗಿ ಕೂಡಿಸುವವನಿಗೆ ಉಳಿಗಿಂತಲೂ ನುಡಿಯೇ ಮುಖ್ಯವಾದ ಹತಾರವು. ಅವನು ಒಂದು ಮಾತನ್ನು ಅಸ್ಪಷ್ಟವಾಗಿ ಆಡಿದರೆ ಹತ್ತು ದಿನದ ಕೆತ್ತನೆಯು ವ್ಯರ್ಥ. ಶಾಸನವನ್ನು ಬರೆಯಿಸಿದವರಿಗೆ ಈ ಮರ್ಮವು ತಿಳಿದಿದ್ದಿತೆಂದು ಊಹಿಸಿದರೆ ತಪ್ಪಾಗಲಾರದು.

ಸೂತ್ರಧಾರಿಯ ಕೆಳಗೆ ದುಡಿದವರು ಹೆಸರಿಲ್ಲದವರಾಗಿಯೂ ಉಳಿಯಲಿಲ್ಲ. ಬಲದೇವ, ಚೆಂಗಮ್ಮ, ಪುಲ್ಲಪ್ಪ ಮುಂತಾದ ಶಿಲ್ಪಿಗಳ ಹೆಸರುಗಳು ಪಟ್ಟದಕಲ್ಲಿನ ಗುಡಿಗಳಲ್ಲಿ ಕೆತ್ತಲ್ಪಟ್ಟಿವೆ. ಐಹೊಳೆಯಲ್ಲಿ ನರಸೊಬ್ಬನೆಂಬ ಶಿಲ್ಪಿಯ ಹೊಗಳಿಕೆಯು ಉಂಟು. ಯಾರ ಕೈಯಿಂದ ಯಾವ ಕೆಲಸವು ಆಯಿತೆಂಬುದನ್ನು ಮರೆಮಾಡದೆ ಬಹಿರಂಗವಾಗಿ ಹೇಳುವದು ಕೆಲಸದ ಮನೆಯಲ್ಲಿ ಒಡೆಯನು ಆಡಬಹುದಾದ ಮಾತುಗಳಲ್ಲಿ ಅತ್ಯಂತ ಶ್ರೇಷ್ಠವಾದುದು. ಸಾವಿರದ ಇನ್ನೂರು ವರುಷಗಳು ಸಂದ ಮೇಲೆಯೂ ಆ ಕಲ್ಲುಗಳು ಆ ಮಾತನ್ನು ಆಡುತ್ತಲೇ ಇವೆ.

ಪಟ್ಟದಕಲ್ಲಿನಲ್ಲಿರುವ ಒಂದು ಸ್ತಂಭವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಗಂಗೆಯ ಉತ್ತರ ತೀರದ ಸೀಮೆಯಿಂದ ಬಂದ ಜ್ಞಾನಶಿವಾಚಾರ್ಯರು ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. ೭೫೪ರಲ್ಲಿ, ಆ ಸ್ತಂಭವನ್ನು ನಿಲ್ಲಿಸಿದರು. ಅದರ ಮೇಲಿನ ಸಂಸ್ಕೃತ ಶಾಸನವನ್ನು ಎರಡು ಲಿಪಿಗಳಲ್ಲಿ ಬರೆಯಿಸಲಾಗಿದೆ: ಒಂದು ಉತ್ತರದೇಶದ ಸಿದ್ಧಮಾತೃಕಾ ಲಿಪಿ, ಇನ್ನೊಂದು ಈ ನಾಡಿನ ಕನ್ನಡ ಲಿಪಿ. ಉತ್ತರದಿಂದ ಬಂದವನೂ ಓದಲಿ, ಇಲ್ಲಿಯವನೂ ಓದಲಿ ಎಂಬ ಭಾವವು ಅದರಲ್ಲಿ ಸ್ಪಷ್ಟವಾಗಿದೆ. ಹೇಳುವವನು ತನಗೆ ಬರುವ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳಲಿಲ್ಲ. ಓದುವವನ ಕಣ್ಣನ್ನು ನೆನೆದು ಎರಡನೆಯ ಸಾರೆ ಕೆತ್ತಿಸಿದನು. ಇಂದು ಕಚೇರಿಗಳಿಂದಲೂ ಕಾರಖಾನೆಗಳಿಂದಲೂ ಹೊರಡುವ ಎಷ್ಟೋ ಆಜ್ಞಾಪತ್ರಗಳಿಗೆ ಈ ಸ್ತಂಭವು ಮೇಲ್ಪಂಕ್ತಿಯಾಗಲು ತಕ್ಕದ್ದು.

೨. ಐನೂರ್ವರ ಒಪ್ಪಂದ

ಹುನಗುಂದ ತಾಲೂಕಿನ ಐಹೊಳೆಯು ಗುಡಿಗಳಿಂದ ಪ್ರಸಿದ್ಧವಾಗಿರುವಂತೆ ವರ್ತಕಸಂಘದಿಂದಲೂ ಪ್ರಸಿದ್ಧವಾದುದು. ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂಬ ಹೆಸರಿನ ಆ ಸಂಘದವರ ಶಾಸನಗಳು ಕನ್ನಡನಾಡಿನಲ್ಲಿ ಮಾತ್ರವಲ್ಲ, ತೆಲುಗು, ತಮಿಳು ಸೀಮೆಗಳಲ್ಲಿಯೂ ಸಿಂಹಳದಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರುಸ್ ಎಂಬ ರೇವಿನ ಸಮೀಪದಲ್ಲಿ ಕ್ರಿ.ಶ. ೧೦೮೮ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಹಿಂದೆ ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರು ಸಮುದ್ರವನ್ನು ದಾಟಿ ಅಷ್ಟು ದೂರ ಹೋಗಿದ್ದಿತು.

ಅರಸರ ರಾಜ್ಯಗಳು ಎದ್ದುವು, ಬಿದ್ದುವು. ಈ ಸಂಘವು ಮಾತ್ರ ಶತಮಾನಗಳವರೆಗೆ ಬಾಳಿತು. ಅವರಿಗೆ ರಾಜನ ದಂಡಿನಂಥ ದಂಡು ಇರಲಿಲ್ಲ. ಭಾಷೆ ಬೇರೆ, ಊರು ಬೇರೆ, ಮತ ಬೇರೆಯಾದ ವರ್ತಕರನ್ನು ಕೂಡಿಸಿ ಹಿಡಿದುದು ಅವರು ವೀರ ಬಣಂಜು ಧರ್ಮವೆಂದು ಕರೆದ ನಡೆವಳಿಕೆಯೂ, ಕೊಟ್ಟ ಮಾತನ್ನು ನಡೆಯಿಸುವ ನಿಷ್ಠೆಯೂ ಆಗಿದ್ದುವು. ದೇವಾಲಯಕ್ಕೋ ಮಠಕ್ಕೋ ಧರ್ಮವನ್ನು ಬಿಡಬೇಕಾದಾಗ ವರ್ತಕರು ಸಭೆ ಸೇರಿ, ಯಾವ ಸರಕಿನ ಹೇರಿಗೆ ಎಷ್ಟು ಆಯವೆಂಬುದನ್ನು ನಿರ್ಣಯಿಸಿ, ಅದನ್ನು ಕಲ್ಲಿನಲ್ಲಿ ಬರೆಯಿಸಿ ಜನರು ನಡೆದಾಡುವ ಸ್ಥಳದಲ್ಲಿ ನಿಲ್ಲಿಸುತ್ತಿದ್ದರು. ಅಡಕೆಯ ಹೇರಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು, ಸೀರೆಯ ಗಂಟಿಗೆ ಇಷ್ಟು ಎಂಬ ರೀತಿಯ ಸ್ಪಷ್ಟ ವಿವರವು ಇಂಥ ಶಾಸನಗಳಲ್ಲಿ ಕಾಣಬರುವದು. ಬಹಳ ಕೊಡಬೇಕು, ಯಥಾಶಕ್ತಿ ಕೊಡಬೇಕು ಎಂಬ ಹಾರಿಕೆಯ ಮಾತಿಗೆ ಅಲ್ಲಿ ಎಡೆಯಿಲ್ಲ.

ಕೆಲಸದಲ್ಲಿ ಹುಟ್ಟುವ ಕಲಹಗಳಲ್ಲಿ ದೊಡ್ಡ ಪಾಲು ದುಷ್ಟತನದಿಂದ ಹುಟ್ಟುವದಿಲ್ಲ. ಇಬ್ಬರು ಒಂದೇ ಮಾತನ್ನು ಎರಡು ತೆರನಾಗಿ ನೆನಪಿಟ್ಟುಕೊಳ್ಳುವದರಿಂದ ಹುಟ್ಟುತ್ತವೆ. ಒಪ್ಪಿದುದನ್ನು ಎಲ್ಲರ ಮುಂದೆ ಬರೆದಿಟ್ಟರೆ ನೆನಪು ಜಗಳಕ್ಕೆ ನಿಲ್ಲಲಾರದು. ಐನೂರ್ವರ ದೀರ್ಘಾಯುಷ್ಯಕ್ಕೆ ಈ ವಿವೇಕವೂ ಒಂದು ಕಾರಣವಾಗಿರಬೇಕು.

೩. ಮರುನುಡಿಯ ಹಕ್ಕು

ಸ್ಪಷ್ಟವಾದ ಆಜ್ಞೆಯೂ, ಬರೆದ ಒಪ್ಪಂದವೂ ಇದ್ದಲ್ಲಿ ಎಲ್ಲವೂ ಸರಿಹೋಗುವದೆಂದು ಹೇಳಲು ಬಾರದು. ಕೆಳಗಿನವನು ಮೇಲಿನವನಿಗೆ, ತಿಳಿಯದವನು ತಿಳಿದವನಿಗೆ, ಹೆಂಡತಿಯು ಗಂಡನಿಗೆ ತಿರುಗಿ ಮಾತಾಡುವ ಎಡೆಯಿಲ್ಲದಿದ್ದರೆ ಆಜ್ಞೆಯಲ್ಲಿರುವ ತಪ್ಪು ಹಾಗೆಯೇ ಉಳಿಯುತ್ತದೆ. ಈ ಮರುನುಡಿಯ ಹಕ್ಕನ್ನು ಕಾಯಕದ ನಡುವೆ ತಂದು ನಿಲ್ಲಿಸಿದವರು ೧೨ನೆಯ ಶತಮಾನದ ಶರಣರು. ಕೃಷ್ಣಾ ಮಲಪ್ರಭೆಯರು ಕೂಡುವ, ಹುನಗುಂದ ಸೀಮೆಯ ಕೂಡಲಸಂಗಮವು ಬಸವಣ್ಣನವರ ವಿದ್ಯಾಭೂಮಿಯೂ ಐಕ್ಯಸ್ಥಾನವೂ ಹೌದು. ಇಲ್ಲಿಂದ ಹೊರಟ ಚೇತನವು ಕಲ್ಯಾಣದಲ್ಲಿ ನಡೆಯಿಸಿದ ಕಾರ್ಯವನ್ನು ಈ ಸೀಮೆಯ ಚರಿತ್ರೆಯಿಂದ ಬೇರ್ಪಡಿಸಲಾಗದು.

ಕಲ್ಯಾಣದ ಗೋಷ್ಠಿಯಲ್ಲಿ ಕೂಡಿದವರು ಪಂಡಿತರು ಮಾತ್ರವಲ್ಲ. ಬಟ್ಟೆಯನ್ನು ಮಡಿಮಾಡುವ ಮಾಚಯ್ಯನವರು, ದೋಣಿಯನ್ನು ನಡೆಯಿಸುವ ಚೌಡಯ್ಯನವರು, ಹಗ್ಗವನ್ನು ಹೊಸೆಯುವ ಚಂದಯ್ಯನವರು ತಮ್ಮ ತಮ್ಮ ಕಾಯಕದ ಹೆಸರಿನಿಂದಲೇ ಅಲ್ಲಿ ಗುರುತಿಸಲ್ಪಟ್ಟರು. ತಮ್ಮ ಕಾಯಕದ ಮಾತಿನಿಂದಲೇ ತತ್ತ್ವವನ್ನು ಹೇಳಿದರು. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಾಗಿ ಸಂಕಲಿಸಿದ ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದದ ರೂಪದಲ್ಲಿರುವದನ್ನು ಭಕ್ತರು ಬಲ್ಲರು. ಪ್ರಶ್ನೆ ಮಾಡುವವನಿಗೆ ಅಲ್ಲಿ ಉತ್ತರವುಂಟು. ಉತ್ತರ ಕೊಟ್ಟವನಿಗೆ ಮತ್ತೆ ಪ್ರಶ್ನೆಯುಂಟು.

ಆ ಗ್ರಂಥದಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವು ಈ ವಿಷಯಕ್ಕೆ ಕನ್ನಡಿಯಂತಿದೆ. ಈ ದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ಮಾಡುವದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಲಕ್ಕಮ್ಮನವರು ಬಂದು ಕಾಯಕದ ವೇಳೆಯು ಮೀರುತ್ತಿರುವದನ್ನು ನೆನಪಿಗೆ ತಂದುಕೊಟ್ಟರು. ಮತ್ತೊಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಮರಳಿ ಸುರಿದು ಬರಬೇಕೆಂದು ಹೇಳಿದರು. ಮಾರಯ್ಯನವರು ಕೋಪಗೊಳ್ಳಲಿಲ್ಲ, ಹೇಳಿದವಳು ಹೆಂಗಸೆಂದು ತಳ್ಳಿಹಾಕಲಿಲ್ಲ, ಮರಳಿ ಸುರಿದು ಬಂದರು.

ಈ ಪ್ರಸಂಗದ ತಾತ್ತ್ವಿಕಾರ್ಥವನ್ನು ಹಿರಿಯರು ಬಹು ವಿಧವಾಗಿ ವಿವರಿಸಿರುವರು. ನುಡಿಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಮೂರು ಗುಣಗಳಿವೆ. ಲಕ್ಕಮ್ಮನವರು ದೋಷವನ್ನು ದೋಷವು ನಡೆದ ವೇಳೆಯಲ್ಲಿಯೇ ಹೇಳಿದರು, ದಿನಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ಕುದಿಯಲಿಲ್ಲ. ಅವರು ದೋಷವನ್ನು ದೋಷಿಗೇ ಹೇಳಿದರು, ನೆರೆಮನೆಗೆ ಹೇಳಲಿಲ್ಲ. ಹೇಳುವಾಗ ಮಾಡಬೇಕಾದುದೇನೆಂಬುದನ್ನೂ ತಿಳಿಸಿದರು, ಬರಿಯ ನಿಂದೆಯಲ್ಲಿ ನಿಲ್ಲಿಸಲಿಲ್ಲ. ಇಂಥ ಮಾತನ್ನು ಆಡುವದಕ್ಕೆ ಧೈರ್ಯವು ಬೇಕಾದರೆ ಕೇಳುವದಕ್ಕೆ ಅದಕ್ಕಿಂತಲೂ ಹೆಚ್ಚಿನ ಧೈರ್ಯವು ಬೇಕು. ಆದುದರಿಂದಲೇ ಈ ಕಥೆಯಲ್ಲಿ ಲಕ್ಕಮ್ಮನವರು ಎಷ್ಟು ದೊಡ್ಡವರೋ ಮಾರಯ್ಯನವರೂ ಅಷ್ಟೇ ದೊಡ್ಡವರು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ ಭಂಡಾರದ ಹಣವು ಜಂಗಮರಿಗೆ ಸೋರಿಹೋಗುತ್ತಿದೆಯೆಂದು ಚಾಡಿಕೋರರು ದೂರಿಟ್ಟ ಕಥೆಯನ್ನು ಪುರಾಣಗಳು ಹೇಳುತ್ತವೆ. ಅದಕ್ಕೆ ಅವರು ಕೋಪದ ಮಾತಿನಿಂದ ಉತ್ತರಿಸಲಿಲ್ಲ. ಭಂಡಾರವನ್ನು ತೆರೆದು ಎಣಿಸಿ ನೋಡಲು ಹೇಳಿದರು. ಲೆಕ್ಕವು ಸರಿಯಾಗಿ ನಿಂದಿತು. ದೂರು ಎಷ್ಟೇ ಅನ್ಯಾಯದ್ದಾಗಿರಲಿ, ಕಾಯಕದಲ್ಲಿರುವವನು ಕೊಡತಕ್ಕ ಮರುನುಡಿಯು ತೆರೆದ ಲೆಕ್ಕವೇ ಎಂಬುದು ಇದರಿಂದ ವೇದ್ಯವಾಗುತ್ತದೆ.

೪. ಮರುನುಡಿಯಿಲ್ಲದ ಆಜ್ಞೆ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಈ ನೆರೆಯಲ್ಲಿಯೇ ಇದೆ. ೧೮೫೭ರಲ್ಲಿ ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅಲಂಕಾರವಲ್ಲ, ಪೀಳಿಗೆಗಳಿಂದ ಬಂದ ಬದುಕಿನ ಸಾಧನವಾಗಿದ್ದಿತು. ಅವರಿಗೆ ಆಜ್ಞೆಯು ಮುಟ್ಟಿತು. ಅವರ ಮಾತು ಆಜ್ಞೆ ಮಾಡಿದವರಿಗೆ ಮುಟ್ಟಲಿಲ್ಲ. ಅದೇ ವರುಷದ ನವೆಂಬರದಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರದಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ಕೇಳಿದವರು ಆ ವೀರರನ್ನು ನೆನೆಯುವಾಗ, ಮರುನುಡಿಗೆ ಎಡೆಗೊಡದ ಆಡಳಿತವು ಕೊನೆಗೆ ರಕ್ತವನ್ನೇ ಕೇಳುವದೆಂಬ ಪಾಠವನ್ನೂ ನೆನೆಯತಕ್ಕದ್ದು.

ಆ ಕಾಲದಲ್ಲಿ ಭಾಷೆಯ ತೊಡಕೂ ಕಡಿಮೆಯದಾಗಿರಲಿಲ್ಲ. ಪೇಶವೆಯರ ಆಳಿಕೆಯು ೧೮೧೮ರಲ್ಲಿ ಕೊನೆಗೊಂಡು ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ ಮೇಲೆಯೂ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯೇ ಬಹುಕಾಲ ನಡೆಯಿತು. ೧೮೮೫ರವರೆಗೆ ಜಿಲ್ಲೆಯ ಮುಖ್ಯ ಕಚೇರಿಯು ಬಾಗಲಕೋಟೆಯ ಸಮೀಪದ ಕಲಾದಗಿಯಲ್ಲಿಯೇ ಇದ್ದಿತು. ಅಂಥ ನೆಲದಲ್ಲಿಯೇ ಕನ್ನಡ ಒಕ್ಕಲಿಗನು ತನ್ನ ಹೊಲದ ಸುಖದುಃಖವನ್ನು ಪರಭಾಷೆಯಲ್ಲಿ ಬರೆಯಿಸಬೇಕಾಗಿದ್ದಿತು. ಬರೆಯುವವನು ಏನು ಬರೆದನೆಂಬುದು ಒಕ್ಕಲಿಗನಿಗೆ ತಿಳಿಯದು. ಒಕ್ಕಲಿಗನು ಏನು ಹೇಳಿದನೆಂಬುದು ಅಧಿಕಾರಿಗೆ ತಿಳಿಯದು. ಇಂಥ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚೆನ್ನಬಸಪ್ಪನವರ (೧೮೩೪–೧೮೮೧) ಉಪಕಾರವನ್ನು ಈ ಭಾಗದವರು ಎಂದಿಗೂ ಮರೆಯಲಾಗದು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, ೧೯೦೬ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವೂ ಹುಟ್ಟಿದುವು. ವಿಜಾಪುರದ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ದುಡಿಯುವ ಜನರ ಬಾಯಿಂದ ಹುಟ್ಟಿ ಓಲೆಗಳಲ್ಲಿ ಅಡಗಿದ್ದ ನುಡಿಯು ಹೀಗೆ ಮತ್ತೆ ದುಡಿಯುವ ಜನರ ಕೈಗೆ ಬಂದಿತು.

ಭಾಷೆಯು ಒಂದಾದರೂ ತೊಡಕು ತೀರುವದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಅನೇಕ ಓಣಿಗಳನ್ನು ನುಂಗಿತು, ನವನಗರವು ಎದ್ದಿತು, ೧೯೯೭ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. ಹುಟ್ಟಿದ ಮನೆಯನ್ನು ಬಿಡಬೇಕಾದ ಮುದುಕನಿಗೆ ಕಚೇರಿಯ ಕಾಗದದಲ್ಲಿರುವ ಅಕ್ಷರವು ಕನ್ನಡವೇ ಆಗಿದ್ದರೂ ಅದರ ಅರ್ಥವು ಕನ್ನಡವಾಗಿರುವದಿಲ್ಲ. ಅದನ್ನು ಅವನ ಕಟ್ಟೆಯ ಮೇಲೆ ಕುಳಿತು, ಅವನ ಮಾತಿನಲ್ಲಿ ಬಿಡಿಸಿ ಹೇಳಿದ ಕಾರಕೂನನೂ ಶಿಕ್ಷಕನೂ ಸಲ್ಲಿಸಿದ ಸೇವೆಯು ಯಾವ ದಾನಕ್ಕಿಂತಲೂ ಕಡಿಮೆಯದಲ್ಲ.

೫. ಇಳಕಲ್ಲ ಮಗ್ಗದ ನುಡಿ

ಸೂತ್ರಧಾರಿಯಿಂದ ಆರಂಭವಾದ ಈ ವಿಚಾರವು ಇಳಕಲ್ಲ ನೂಲಿನಲ್ಲಿ ಪೂರ್ಣವಾಗುವದು ಸಹಜವೇ. ಇಳಕಲ್ಲ ಸೀರೆಯ ಹೆಸರು ಕನ್ನಡ, ಮರಾಠಿ ಸೀಮೆಗಳ ಮನೆಮನೆಗೂ ಗೊತ್ತು. ಅದರ ವೈಶಿಷ್ಟ್ಯವು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಕೊಂಡಿಗಳಿಂದ ಎಳೆಗೆ ಎಳೆಯನ್ನು ಜೋಡಿಸುವದರಲ್ಲಿದೆ. ಮೈಯು ಹತ್ತಿಯದೋ ರೇಷ್ಮೆಯದೋ ಆಗಿರಬಹುದು. ಸೆರಗು ಕೆಂಪುರೇಷ್ಮೆಯದು, ನಡುನಡುವೆ ಬಿಳಿಯ ಪಟ್ಟೆಗಳುಳ್ಳದ್ದು. ಜೋಳದ ತೆನೆಯನ್ನು ಹೋಲುವ ಚಿತ್ತಾರದಿಂದ ಅದಕ್ಕೆ ಟೋಪುತೆನೆಯ ಸೆರಗೆಂಬ ಹೆಸರು. ದಡಿಗಳಲ್ಲಿ ಚಿಕ್ಕಿ, ಗೋಮಿ, ಗಾಡಿ ಮುಂತಾದ ಭೇದಗಳಿವೆ.

ಎರಡು ಹಾಸುಗಳನ್ನು ಕೊಂಡಿಯಿಂದ ಕೂಡಿಸುವ ಕಾರಣ ಪ್ರತಿಯೊಂದು ಸೀರೆಯ ಹಾಸಿನ ಅಳತೆಯೂ ಮೊದಲೇ ನಿಶ್ಚಿತವಾಗಬೇಕು. ಬಣ್ಣ ಹಾಕುವವನು ಒಬ್ಬ, ಹಾಸು ಹೂಡುವವನು ಒಬ್ಬ, ಕಂಡಿಕೆ ಸುತ್ತುವವಳು ಒಬ್ಬಳು, ಕುಣಿಮಗ್ಗದಲ್ಲಿ ಕುಳಿತು ಲಾಳಿ ಹೊಡೆಯುವವನು ಒಬ್ಬ, ಮಾರುವವನು ಮತ್ತೊಬ್ಬ. ಸೆರಗಿನ ಎಳೆಗಳ ಲೆಕ್ಕವು ಮೈಯ ಎಳೆಗಳ ಲೆಕ್ಕಕ್ಕೆ ಹೊಂದದಿದ್ದರೆ ಕೊಂಡಿಯು ಕೂಡುವದಿಲ್ಲ. ಕೆಂಪೆಂಬ ಒಂದೇ ಮಾತಿಗೆ ಬಣ್ಣದವನು ಒಂದು ಕೆಂಪನ್ನೂ ವರ್ತಕನು ಇನ್ನೊಂದು ಕೆಂಪನ್ನೂ ತಿಳಿದರೆ ತಿಂಗಳ ದುಡಿಮೆಯು ಅಂಗಡಿಯಿಂದ ಮರಳಿ ಬರುತ್ತದೆ. ಆದುದರಿಂದ ಹಿಂದಿನವರು ಪ್ರತಿಯೊಂದು ಬಣ್ಣಕ್ಕೂ, ದಡಿಗೂ, ಅಳತೆಗೂ ಒಂದೊಂದು ಗಟ್ಟಿಯಾದ ಹೆಸರನ್ನು ಇಟ್ಟರು. ದಾಳಿಂಬರ ಕೆಂಪೆಂದರೆ ದಾಳಿಂಬರದ ಕೆಂಪೇ. ಗಿಣಿ ಹಸಿರೆಂದರೆ ಗಿಣಿಯ ಹಸಿರೇ. ಬಾದಾಮಿ ಸೀಮೆಯ ಗುಳೇದಗುಡ್ಡದ ಖಣದಲ್ಲಿಯೂ ಚಿತ್ತಾರಕ್ಕೊಂದು ಹೆಸರಿರುವದು ಇದೇ ಕಾರಣಕ್ಕಾಗಿ. ಮಗ್ಗದ ಈ ಶಬ್ದಸಂಪತ್ತು ಯಾವ ಪಂಡಿತನ ಕೋಶದಲ್ಲಿಯೂ ಹುಟ್ಟಿದುದಲ್ಲ. ತಪ್ಪು ತಿಳಿವಳಿಕೆಯ ನಷ್ಟವನ್ನು ಉಂಡವರು ಶತಮಾನಗಳಿಂದ ಕೂಡಿಸಿಟ್ಟುದು.

ಮಗ್ಗದ ಮುಂದೆ ಕಲಿಸುವ ಕ್ರಮವೂ ನುಡಿಯ ಕ್ರಮವೇ. ಮಗುವು ಮೊದಲು ನೋಡುತ್ತದೆ, ಬಳಿಕ ಹೆಸರನ್ನು ಕಲಿಯುತ್ತದೆ, ಆಮೇಲೆ ಕಂಡಿಕೆಯನ್ನು ಮುಟ್ಟುತ್ತದೆ. ಎಳೆ ಹರಿದಾಗ ಹರಿಯಿತೆಂದು ಒಡನೆ ಹೇಳುವ ಹುಡುಗನೇ ಒಳ್ಳೆಯ ನೇಕಾರನಾಗುತ್ತಾನೆ. ಬೈಗುಳಕ್ಕೆ ಅಂಜಿ ಮುಚ್ಚಿಟ್ಟವನ ಬಟ್ಟೆಯಲ್ಲಿ ಆ ತಪ್ಪು ಗಜದಗಲಕ್ಕೆ ಬೆಳೆಯುತ್ತದೆ. ಹರಿದ ಎಳೆಯನ್ನು ಹೇಳಿದವನನ್ನು ಬೈಯುವ ಹಿರಿಯನು ಆದುದರಿಂದ ತನ್ನ ಬಟ್ಟೆಯನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಮಗ್ಗಕ್ಕೆ ಹೇಳಿದ ಈ ಮಾತು ಕಚೇರಿಗೂ, ಕಾರಖಾನೆಗೂ, ಆಸ್ಪತ್ರೆಗೂ, ಶಾಲೆಗೂ ಒಪ್ಪುತ್ತದೆ.

ಈಗ ಈ ಸಂಪತ್ತಿಗೆ ಕುಂದು ಬಂದಿದೆ. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿದ್ದರೂ ವಿದ್ಯುತ್ ಮಗ್ಗಗಳ ಸ್ಪರ್ಧೆಯಿಂದ ಕೈಮಗ್ಗಗಳು ಕಡಿಮೆಯಾಗುತ್ತ ನಡೆದಿವೆ. ನೇಕಾರರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವರು. ಹೋಗುವವರನ್ನು ದೂಷಿಸುವದು ನ್ಯಾಯವಲ್ಲ. ಹೊಟ್ಟೆಯ ಮಾತು ಎಲ್ಲಕ್ಕಿಂತ ಗಟ್ಟಿ. ಆದರೆ ಮಗ್ಗವು ನಿಂತ ಮನೆಯಲ್ಲಿ ಮಗ್ಗದ ಮಾತೂ ನಿಲ್ಲುತ್ತದೆ. ಗುಡಿಯು ಕುಸಿದರೆ ಕಲ್ಲಾದರೂ ಉಳಿದೀತು. ಬಾಯಿಂದ ಬಾಯಿಗೆ ಬಂದ ನುಡಿಯು ಒಂದು ತಲೆಮಾರು ತಪ್ಪಿದರೆ ಗುರುತಿಲ್ಲದೆ ಹೋಗುತ್ತದೆ. ಬಲ್ಲ ಮುದುಕರು ಇರುವಾಗಲೇ ಹಾಸು, ಹೊಕ್ಕು, ದಡಿ, ಸೆರಗು, ಬಣ್ಣಗಳ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಕೇಳಿ ಬರೆದಿಡುವದು ಅವಶ್ಯವಾದ ಕಾರ್ಯವು.

೬. ಆಜ್ಞೆಗಿಂತ ಬೇಡಿಕೆ

ದುಡಿಯುವ ಜನರೊಡನೆ ಮಾತಾಡುವ ಬಗೆಗೆ ಇಳಕಲ್ಲು ಇತ್ತೀಚಿನ ಕಾಲದಲ್ಲಿಯೂ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ಚಿತ್ತರಗಿ ಇಳಕಲ್ಲ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಊರೂರಿಗೆ ಹೊರಟರು. ಜೋಳಿಗೆಯೆಂದರೆ ಜೋಳವನ್ನೋ ಹಣವನ್ನೋ ಬೇಡುವದೆಂದು ಜನರು ತಿಳಿದಿದ್ದರು. ಇವರು ಬೇಡಿದುದು ಕುಡಿತವನ್ನು, ತಂಬಾಕನ್ನು, ಇತರ ದುಶ್ಚಟಗಳನ್ನು. ಕುಡಿಯಬೇಡಿರೆಂದು ಗದರಿಸುವವರು ಹಿಂದೆಯೂ ಇದ್ದರು. ಗದರಿಕೆಗೆ ಜನರು ತಲೆ ತಗ್ಗಿಸಿ, ಗದರಿಸಿದವನು ಹೋದೊಡನೆ ತಲೆಯೆತ್ತುತ್ತಿದ್ದರು. ಗುರುವೇ ಬಂದು ನಿನ್ನ ಚಟವನ್ನು ನನಗೆ ಭಿಕ್ಷೆಯಾಗಿ ಹಾಕು ಎಂದು ಕೈಯೊಡ್ಡಿದಾಗ ಕೂಲಿಕಾರನು ಕೊಡುವವನಾದನು, ಗುರುವು ಬೇಡುವವನಾದನು. ತನ್ನ ಮಾತಿಗೆ ಬೆಲೆಯುಂಟೆಂದು ಕಂಡವನು ತನ್ನ ಮಾತನ್ನು ಉಳಿಸಿಕೊಳ್ಳಲು ಹೆಣಗುವನು. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ ೧ನೆಯ ದಿನವನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುವರು.

ಉಪಸಂಹಾರ

ಸರ್ವಸಿದ್ಧಿ ಆಚಾರಿಯಿಂದ ಮಹಾಂತ ಜೋಳಿಗೆಯ ವರೆಗಿನ ಈ ಉದಾಹರಣೆಗಳು ಕಾಲದಿಂದ ದೂರದೂರವಾಗಿದ್ದರೂ ನೆಲದಿಂದ ಸಮೀಪದವು. ಒಂದು ಹಗಲು ಬಂಡಿಯಲ್ಲಿ ಹೋಗುವವನು ಇವುಗಳಲ್ಲಿ ಎರಡನ್ನೋ ಮೂರನ್ನೋ ಕಣ್ಣಾರೆ ಕಾಣಬಹುದು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉತ್ಸವದ ಕಾಲಕ್ಕೆ ನೂರಾರು ಜನರು ಕೂಡಿ ದುಡಿಯುತ್ತಾರೆ. ಒಲೆಯ ಮುಂದಿನವನಿಗೆ ಪಂಕ್ತಿಯ ಲೆಕ್ಕವನ್ನು ವೇಳೆಗೆ ತಿಳಿಸದವನು ಅನ್ನವನ್ನು ಹಾಳುಮಾಡುತ್ತಾನೆ, ಇಲ್ಲವೆ ಹಸಿದವನನ್ನು ಹಸಿದೇ ಕಳಿಸುತ್ತಾನೆ. ಹಿರಿಯನ ತಪ್ಪನ್ನು ಕಂಡೂ ಭಕ್ತಿಯ ಹೆಸರಿನಿಂದ ಸುಮ್ಮನಿರುವ ಕಿರಿಯನು ಭಕ್ತಿಯನ್ನೂ ಕೆಡಿಸುತ್ತಾನೆ, ಕೆಲಸವನ್ನೂ ಕೆಡಿಸುತ್ತಾನೆ. ಕಿರಿಯನು ಹೇಳಿದುದನ್ನು ಕೇಳದ ಹಿರಿಯನಾದರೋ ಮಾರಯ್ಯನವರ ಹೆಸರನ್ನು ಹೇಳುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ.

ಕಾಯಕವನ್ನು ಪೂಜೆಯೆಂದು ನಂಬಿದವರು ಕಾಯಕದಲ್ಲಿ ಆಡುವ ಮಾತನ್ನೂ ಪೂಜೆಯ ಪರಿಕರವೆಂದೇ ತಿಳಿಯಬೇಕು. ಪೂಜೆಯ ಪಾತ್ರೆಯನ್ನು ಬೆಳಗಿ ಇಡುವಂತೆ ನುಡಿಯನ್ನೂ ಬೆಳಗಿ ಇಡುವದು, ಅನ್ಯರ ನುಡಿಗೆ ಕಿವಿಯನ್ನು ತೆರೆದಿಡುವದು, ಕೊಟ್ಟ ಮಾತನ್ನು ಕಲ್ಲಿನಲ್ಲಿ ಕೆತ್ತಿದಂತೆ ನಡೆಯಿಸುವದು, ಇವೇ ಈ ನೆಲದ ಹಿರಿಯರು ಬಿಟ್ಟುಹೋದ ಆಸ್ತಿಯು. ಈ ಆಸ್ತಿಯನ್ನು ಅನುಭವಿಸುವ ಯೋಗ್ಯತೆಯೂ, ಕುಂದಿಲ್ಲದೆ ಮುಂದಿನವರಿಗೆ ಒಪ್ಪಿಸುವ ಶಕ್ತಿಯೂ ಸಕಲ ಸದ್ಭಕ್ತರಿಗೆ ದೊರೆಯಲಿ.